ಸೊನ್ನೆ ತಾಸು

“ಟೀಚರ್ರೀ, ಶೇವಂತಿ ತಪ್ಪು ಬರದಾಳ್ರಿ!”

ದಾನಮ್ಮ ಎದ್ದು ನಿಂತು ಹೇಳಿದಳು. ಅವಳ ಕೈಯಲ್ಲಿ ಶೇವಂತಿಯ ನೋಟ್‌ಬುಕ್ ಇತ್ತು. ಐದನೆಯ ತರಗತಿಯಲ್ಲಿ ದಾನಮ್ಮನ ಅಕ್ಷರವೇ ಎಲ್ಲರಿಗಿಂತ ಚಂದ. ಅದಕ್ಕೇ ಎಲ್ಲರ ಹೋಂವರ್ಕನ್ನು ದೊಡ್ಡ ಚಾರ್ಟಿಗೆ ಇಳಿಸುವ ಕೆಲಸ ಅವಳಿಗೆ ಸಿಕ್ಕಿತ್ತು.

ಹೋಂವರ್ಕ್ ಸುಲಭವಿತ್ತು. ಮನೆಯಲ್ಲಿ ದುಡಿಯುವ ಒಬ್ಬರು ನಿನ್ನೆ ಎಷ್ಟು ಗಳಿಸಿದರು, ಎಷ್ಟು ತಾಸು ಕೆಲಸ ಮಾಡಿದರು, ತಾಸಿಗೆ ಎಷ್ಟು ಬಿತ್ತು. ಇಷ್ಟನ್ನು ಬರೆದು ಭಾಗಾಕಾರ ಮಾಡಬೇಕಿತ್ತು. ಶನಿವಾರದ ಪಾಲಕರ ಸಭೆಯಲ್ಲಿ ಚಾರ್ಟನ್ನು ಗೋಡೆಗೆ ಹಚ್ಚುವುದಿತ್ತು.

“ಏನು ಬರದಾಳ, ಓದು,” ಎಂದರು ಹರ್ಷದಾ ಟೀಚರ್.

“ಮಲ್ಲಿನಾಥ. ಸೈನಿಕ. ಗಳಿಕೆ ಹದಿನಾರನೂರು. ಕೆಲಸದ ತಾಸು ಸೊನ್ನೆ!”

ಇಡೀ ಕ್ಲಾಸು ನಕ್ಕಿತು.

“ನಮ್ಮಪ್ಪನ್ನೂ ಮಿಲ್ಟ್ರಿಗಿ ಕಳಸ್ರಿ ಟೀಚರ್ರೀ!” ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

“ನಮ್ಮಪ್ಪ ಹನ್ನೆರಡ ತಾಸು ನಾಕ ಮಗ್ಗ ಓಡಿಸಿದ್ರ ಐದನೂರಾ ನಲವತ್ತರಿ,” ಎಂದಳು ದಾನಮ್ಮ. ಅವಳು ನಗುತ್ತಿರಲಿಲ್ಲ. ಲೆಕ್ಕ ಹೇಳುತ್ತಿದ್ದಳು.

ಹರ್ಷದಾ ಟೀಚರ್ ಡಸ್ಟರಿನಿಂದ ಟೇಬಲ್ ತಟ್ಟಿದರು. “ಸೊನ್ನೆಯಿಂದ ಭಾಗಿಸ್ಲಿಕ್ಕೆ ಬರೂದಿಲ್ಲ ಶೇವಂತಿ. ಮನಿಯೊಳಗ ಕೇಳಿ ನಾಳೆ ಬರಕೊಂಡು ಬಾ. ದಾನಮ್ಮಾ, ಆ ಸಾಲು ಖಾಲಿ ಬಿಡು.”

ಶೇವಂತಿ ಸುಳ್ಳೇನೂ ಬರೆದಿರಲಿಲ್ಲ. ಅಪ್ಪ ಎರಡು ತಿಂಗಳ ರಜೆಯ ಮೇಲೆ ಬನಹಟ್ಟಿಗೆ ಬಂದಿದ್ದ. ನಿನ್ನೆ ಅವನು ಅವಳನ್ನು ಶಾಲೆಗೆ ಬಿಟ್ಟು ಬಂದ, ಕಟ್ಟೆಯ ಮೇಲೆ ಕೂತು ಪೇಪರ್ ಓದಿದ, ಊಟ ಮಾಡಿ ಮಲಗಿದ. ಅವರ ಓಣಿಯಲ್ಲಿ ಕರೆಂಟಿನ ಮಗ್ಗ ಓಡಿದರೆ ಕೂಲಿ, ನಿಂತರೆ ಇಲ್ಲ. ಆ ಲೆಕ್ಕದಂತೆ ಅವಳು ಸೊನ್ನೆ ಬರೆದಿದ್ದಳು.

ಸಭೆಗೆ ಅಪ್ಪ ಬರುವವನಿದ್ದ. ಇಷ್ಟು ವರ್ಷದಲ್ಲಿ ಇದೇ ಮೊದಲ ಸಲ. ಅವನು ಗೋಡೆಯ ಮುಂದೆ ನಿಂತು ತನ್ನ ಹೆಸರು ಹುಡುಕುತ್ತಾನೆ. ಅದರ ಮುಂದೆ ಒಂದು ಸೊನ್ನೆ ಇರುತ್ತದೆ. ಇಲ್ಲವೇ ಏನೂ ಇರುವುದಿಲ್ಲ.

ಬೇಸಿಗೆಯ ಮುಂಜಾನೆಯ ಶಾಲೆ ಹನ್ನೊಂದೂವರೆಗೆ ಬಿಟ್ಟಿತು. ದಾನಮ್ಮನ ಮನೆ ಶೇವಂತಿಯ ಮನೆಯ ಎದುರಿಗೇ. ಇಬ್ಬರೂ ಕೂಡಿಯೇ ನಡೆದರು.

“ಸೂಟಿ ಇದ್ದಾಗೂ ಪಗಾರ ಕೊಡ್ತಾರೇನ್ಲೇ?” ದಾನಮ್ಮ ಕೇಳಿದಳು.

“ಕೊಡ್ತಾರ.”

“ಯಾಕ?”

ಶೇವಂತಿ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

“ನಮ್ಮಪ್ಪಗ ಜ್ವರಾ ಬಂದಾಗ ಎಂಟ ದಿನ ಒಂದ ರೂಪಾಯಿನೂ ಬರಲಿಲ್ಲ,” ಎಂದು ದಾನಮ್ಮ ಕಾಲಿಗೆ ಸಿಕ್ಕ ಕಲ್ಲೊಂದನ್ನು ಒದ್ದಳು.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೊರಗಿನ ಕೋಣೆಯ ಎರಡು ಮಗ್ಗಗಳನ್ನು ನಿಲ್ಲಿಸಿ ಅಜ್ಜ ರಾಚಪ್ಪ ಊಟಕ್ಕೆ ಬಂದು ಕೂತಿದ್ದ. ಅಪ್ಪನ ತಾಟಿನ ಪಕ್ಕದಲ್ಲಿ ಶೇವಂತಿ ನೋಟ್‌ಬುಕ್ ಇಟ್ಟಳು.

“ಅಪ್ಪಾ, ನೀ ದಿನಾ ಎಷ್ಟ ತಾಸ ಕೆಲಸಾ ಮಾಡ್ತಿ?”

“ಎಲ್ಲಿ? ಇಲ್ಲೋ, ಅಲ್ಲೋ?”

“ಅಲ್ಲಿ.”

ಅಪ್ಪ ರೊಟ್ಟಿ ಮುರಿದ. “ಪೋಸ್ಟಿನ್ಯಾಗ ಎರಡ ತಾಸು ಪಹರೆ. ಆಮ್ಯಾಲ ನಾಕ ತಾಸು ಬಿಡುವು. ಮತ್ತ ಎರಡ ತಾಸು ಪಹರೆ. ಹಿಂಗ ತಿರಗತೈತಿ.”

ಶೇವಂತಿ ಬೆರಳು ಮಡಚಿ ಎಣಿಸಿದಳು. “ಹಂಗಾರ ಎಂಟ ತಾಸು.”

“ಎಂಟು ಅಂತ ಬರಿ.”

“ಬಿಡುವಿದ್ದಾಗ ಏನ ಮಾಡ್ತೀರಿ?”

“ಬೂಟು ಹಾಕ್ಕೊಂಡು ಮಲಗತೇವಿ.”

“ಬೂಟು ಹಾಕ್ಕೊಂಡೇನ? ಅದೂ ಕೆಲಸಾನ?”

“ನಿಮ್ಮಜ್ಜನ್ನ ಕೇಳು,” ಎಂದು ಅಪ್ಪ ನಕ್ಕ.

“ಮಲಗೂದು ಎಲ್ಲ್ಯಾರ ಕೆಲಸಾ ಆಗತೈತೇನ?” ಅಜ್ಜ ನೀರು ಕುಡಿದು ಲೋಟ ಇಟ್ಟ. “ನಾ ಐವತ್ತ ವರ್ಷ ಮಗ್ಗದ ಮುಂದ ನಿಂತೇನಿ. ಒಂದ ದಿನಾನೂ ಸೂಟಿ ಪಗಾರ ತಗೊಂಡಿಲ್ಲ.”

“ಯಾರು ಕೊಡ್ತಿದ್ರು ನಿಮಗ?” ಒಳಗಿನಿಂದ ಅವ್ವ ಅಂದಳು. ಅಜ್ಜನೂ ನಕ್ಕ.

“ಪಗಾರ ಸಾಕಾಗತೈತೇನಪಾ ನಿನಗ?” ಶೇವಂತಿ ಕೇಳಿದಳು.

ಅಪ್ಪ ತಾಟಿನ ಕೊನೆಯ ತುತ್ತು ಮುಗಿಸಿದ. “ನಿಮ್ಮಜ್ಜನ್ನ ನೋಡಿದ್ರ ಬಾಳ ಅನಸತೈತಿ,” ಎಂದ. “ಅಲ್ಲಿಗಿ ಹೋದಾಗ ಹಂಗ ಅನಸೂದಿಲ್ಲ.” ಕೈ ತೊಳೆಯಲು ಎದ್ದು ಹೋದ.

ಎಂಟು ಎಂದು ಬರೆಯಲು ಶೇವಂತಿಗೆ ಮನಸ್ಸಾಗಲಿಲ್ಲ. ಅದು ಅಲ್ಲಿಯ ಲೆಕ್ಕ. ಟೀಚರ್ ಕೇಳಿದ್ದು ನಿನ್ನೆಯದು. ನಿನ್ನೆ ಅಪ್ಪ ಇಲ್ಲಿಯೇ ಇದ್ದ.

ಅಜ್ಜ ಮತ್ತೆ ಮಗ್ಗ ಚಾಲೂ ಮಾಡಿದ. ಎಡಕ್ಕೆ, ಬಲಕ್ಕೆ, ಎದುರಿಗೆ, ಓಣಿಯ ತುಂಬ ಖಟಪಟ ಖಟಪಟ. ಗೋಡೆಗಳು ಸಣ್ಣಗೆ ಅದುರುತ್ತಿದ್ದವು. ಅಪ್ಪ ಹಾಸಿಗೆ ಬಿಡಿಸಿಕೊಂಡ. ಬೂಟುಗಳನ್ನು ತಲೆದೆಸೆಯಲ್ಲಿ, ಬಾಗಿಲಿಗೆ ಮುಖ ಮಾಡಿ ಇಟ್ಟ. ಲೇಸುಗಳನ್ನು ಸಡಿಲಿಸಿಯೇ ಬಿಟ್ಟ.

“ಇಷ್ಟ ಖಟಪಟದಾಗ ಹೆಂಗ ನಿದ್ದಿ ಬರತೈತಪಾ?”

“ಸದ್ದಿದ್ರ ಛಲೋ ನಿದ್ದಿ ಬರತೈತಿ,” ಎಂದ ಅಪ್ಪ. ಎರಡು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ.

ಶೇವಂತಿ ಗೋಡೆಗೆ ಒರಗಿ ಪೆನ್ಸಿಲ್ ಕಚ್ಚುತ್ತ ಕೂತಳು. ಕೆಲಸದ ತಾಸು ಎಂಬ ಕಾಲಂನಲ್ಲಿ ಸೊನ್ನೆ ದುಂಡಗೆ ಕೂತಿತ್ತು.

ಮೂರು ಗಂಟೆಯ ಸುಮಾರಿಗೆ ಕರೆಂಟ್ ಹೋಯಿತು.

ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಕಿವಿ ಮುಚ್ಚಿಕೊಂಡಂತೆ ಆಯಿತು. ಎಲ್ಲೋ ದೂರದಲ್ಲಿ ಒಂದು ಕಾಗೆ ಕೂಗುವುದು ಕೇಳಿಸಿತು.

ಶೇವಂತಿ ತಿರುಗಿ ನೋಡಿದಾಗ ಹಾಸಿಗೆ ಖಾಲಿ ಇತ್ತು.

ಅಪ್ಪ ಬಾಗಿಲಲ್ಲಿ ನಿಂತಿದ್ದ. ಬೂಟುಗಳು ಕಾಲಲ್ಲಿದ್ದವು. ಯಾವಾಗ ಹಾಕಿಕೊಂಡನೋ ಅವಳಿಗೆ ತಿಳಿಯಲಿಲ್ಲ. ಮೊದಲು ಎದುರಿನ ಮಾಳಿಗೆ ನೋಡಿದ. ಆಮೇಲೆ ಓಣಿಯ ಈ ತುದಿ, ಆ ತುದಿ. ಅವನ ಬಲಗೈ ಭುಜದ ಹತ್ತಿರ ಹೋಗಿ ಏನನ್ನೋ ಹುಡುಕಿತು. ಅಲ್ಲಿ ಬನಿಯನ್ ಬಿಟ್ಟರೆ ಏನೂ ಇರಲಿಲ್ಲ. ಕೈ ಕೆಳಗಿಳಿಯಿತು.

ಕರೆಂಟ್ ಹೋದಾಗ ಎಲ್ಲರೂ ಮಾಡುವಂತೆ ಓಣಿಯ ಜನ ಒಬ್ಬೊಬ್ಬರಾಗಿ ಹೊರಬಂದು ಕಟ್ಟೆಗಳ ಮೇಲೆ ಕೂತರು. ಎದುರಿನ ಕಟ್ಟೆಯಲ್ಲಿ ದಾನಮ್ಮ ತನ್ನ ಅಪ್ಪನ ಜೊತೆ ಕೂತಿದ್ದಳು. ಅವಳು ಶೇವಂತಿಯ ಅಪ್ಪನನ್ನೇ ನೋಡುತ್ತಿದ್ದಳು.

“ಬರ್ರಿ ಮಲ್ಲಿನಾಥಣ್ಣಾ, ಕೂಡ್ರಿ,” ಎಂದು ದಾನಮ್ಮನ ಅಪ್ಪ ಕರೆದ.

“ಇರ್ಲಿ, ಬರತೇನಿ,” ಎಂದ ಅಪ್ಪ. ಆದರೆ ಹೋಗಲಿಲ್ಲ. ಕೂರಲೂ ಇಲ್ಲ.

“ಏನಾತಪಾ?” ಶೇವಂತಿ ಮೆಲ್ಲಗೆ ಕೇಳಿದಳು.

“ಏನಿಲ್ಲವ್ವಾ. ಸದ್ದು ನಿಂತಿತಲ್ಲ. ಅಲ್ಲಿ ಹಿಂಗ ನಿಂತ್ರ ಏಳಬೇಕಾಗತೈತಿ.”

ಅವಳು ಅವನ ಪಕ್ಕದಲ್ಲಿ ನಿಂತಳು. ನಿನ್ನೆಯೂ ಕರೆಂಟ್ ಹೋಗಿತ್ತು. ನಿನ್ನೆಯೂ ಅಪ್ಪ ಎದ್ದು ಬಾಗಿಲಿಗೆ ಬಂದಿದ್ದ. ಟ್ರಾನ್ಸ್‌ಫಾರ್ಮರ್ ಸುಟ್ಟಿತೇನೋ ನೋಡಲು ಬಂದಿದ್ದಾನೆ ಎಂದು ಅವಳು ತಿಳಿದಿದ್ದಳು. ಮೊನ್ನೆ ನಸುಕಿನಲ್ಲಿಯೂ ಹೀಗೇ ಆಗಿತ್ತು. ಬಂದ ಮೊದಲ ದಿನವೂ.

ಇಪ್ಪತ್ತು ನಿಮಿಷದ ಮೇಲೆ ಕರೆಂಟ್ ಬಂತು. ಮಗ್ಗಗಳು ಒಂದೊಂದಾಗಿ ಬಡಿಯತೊಡಗಿದವು. ಆಗ ಅಪ್ಪನ ಹೆಗಲು ಇಳಿಯಿತು. ಅವನು ಒಳಗೆ ಬಂದು ಬೂಟು ಬಿಚ್ಚಿದ, ಬಾಗಿಲಿಗೆ ಮುಖ ಮಾಡಿಯೇ ಇಟ್ಟ, ಮತ್ತೆ ಮಲಗಿದ.

ಶೇವಂತಿ ರಬ್ಬರಿನಿಂದ ಸೊನ್ನೆ ಅಳಿಸಿದಳು.

ಮರುದಿನ ಹರ್ಷದಾ ಟೀಚರ್ ನೋಟ್‌ಬುಕ್ ನೋಡಿ ಹುಬ್ಬೇರಿಸಿದರು. “ಇಪ್ಪತ್ನಾಕು ತಾಸ? ಇದು ಹೆಂಗ ಬಂತು?”

ಶೇವಂತಿ ಎದ್ದು ನಿಂತಳು. “ಕರೆಂಟ್ ಹೋದಾಗ ಗೊತ್ತಾತರಿ,” ಎಂದಳು.

ಕ್ಲಾಸು ಮತ್ತೆ ನಕ್ಕಿತು. “ಕರೆಂಟ್ ಹೋದ್ರ ತಾಸು ಹೆಚ್ಚಾಗ್ತಾವಂತ!” ಎಂದು ಹಿಂದಿನ ಬೆಂಚು ಕೂಗಿತು.

ದಾನಮ್ಮ ನಗಲಿಲ್ಲ. “ಖರೆ ಐತ್ರಿ ಟೀಚರ್ರೀ,” ಎಂದಳು. “ನಾನೂ ನೋಡೇನಿ.”

ಟೀಚರ್ ಒಬ್ಬಳನ್ನು ನೋಡಿದರು, ಇನ್ನೊಬ್ಬಳನ್ನು ನೋಡಿದರು. “ಬರಿ ಹಂಗಾದ್ರ,” ಎಂದರು.

ದಾನಮ್ಮ ಸ್ಕೆಚ್ ಪೆನ್ನಿನಿಂದ ಖಾಲಿ ಸಾಲಿನಲ್ಲಿ ಚಂದವಾಗಿ ಬರೆದಳು. ಗಳಿಕೆ 1600. ಕೆಲಸದ ತಾಸು 24. ತಾಸಿಗೆ 66. ಅದರ ಮೇಲಿನ ಸಾಲು ಅವಳ ಅಪ್ಪನದೇ. ತಾಸಿಗೆ 45. ಅವಳು ಎರಡನ್ನೂ ಒಂದರ ಕೆಳಗೊಂದು ನೋಡಿದಳು.

“ಶೇಷ ಹದಿನಾರು ಉಳದೈತಿ,” ಎಂದು ಪಿಸುಗುಟ್ಟಿದಳು. “ಎಲ್ಲಿ ಬರೀಲಿ?”

“ಅದಕ್ಕ ಕಾಲಂ ಇಲ್ಲ.”

“ನಮ್ಮಪ್ಪಂದು ಶೇಷಾನ ಉಳದಿಲ್ಲ ನೋಡು,” ಎಂದು ದಾನಮ್ಮ ಪೆನ್ನಿನ ಮುಚ್ಚಳ ಹಾಕಿದಳು.

ಕಿಟಕಿಯಾಚೆ, ಶಾಲೆಯ ಹಿಂದಿನ ಓಣಿಗಳಲ್ಲಿ ಮಗ್ಗಗಳು ಒಂದೇ ಸಮ ಬಡಿಯುತ್ತಿದ್ದವು. ಶೇವಂತಿ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಎಲ್ಲಿಯೂ ನಿಂತಿರಲಿಲ್ಲ. ಈಗ ಅಪ್ಪ ಕಟ್ಟೆಯ ಮೇಲೆ ಆರಾಮಾಗಿ ಪೇಪರ್ ಓದುತ್ತಿರುತ್ತಾನೆ ಎಂದುಕೊಂಡಳು.