ಕರ್ನಲ್ ಏಳುವ ಮೊದಲೇ ಬಂದ ಕೂಗು

ಉಸಿರಾಟದ ಯಂತ್ರ ಮತ್ತೆ ಸತ್ತಿತ್ತು. ಆನ್ ಮಾಡಿದ ಕೂಡಲೇ ಕಂಪನಿಯ ಲೋಗೋ ಬಂತು, ಆಮೇಲೆ ಪರದೆ ಕಪ್ಪಾಯಿತು. ಪರೀಕ್ಷೆಗೆ ಸಿಕ್ಕಿಸಿದ್ದ ರಬ್ಬರ್ ಚೀಲ ಜೋತುಬಿದ್ದಿತ್ತು. ಅದರ ಜಾಗದಲ್ಲಿ ರೋಗಿಯಿದ್ದಿದ್ದರೆ?

ಷಿಂಚು ನಗರದ ನಮ್ಮ ಕಂಪನಿಯ ಲ್ಯಾಬಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದರು.

"ಇನ್ನೇನ್ ಸಾಕ್ಷಿ ಬೇಕು?" ವಿಭಾಗದ ಮುಖ್ಯಸ್ಥ ಗೂ ಗುಡುಗಿದ. "ಕುಸಿದಿರೋದು ಟಚ್ ಪರದೆನ ನಡೆಸೋ ಪ್ರೋಗ್ರಾಮ್ ಒಳಗೆ, ಡ್ರೈವರ್ ಒಳಗೆ. ಅದನ್ನ ಬರೆದೋಳು ಪೇಯ್‌ರೋಂಗ್. ಮೊದಲು ಅವಳನ್ನ ಮನೆಗೆ ಕಳಿಸಿ!"

"ನನ್ನ ಮೇಜಿನ ಮೇಲಿರೋ ಯಂತ್ರ ಒಂದ್ ಸಲಾನೂ ಸತ್ತಿಲ್ಲ, ಲೈ ಅಕ್ಕಾ. ಆಣೆಗೂ!" ಪೇಯ್‌ರೋಂಗ್ ಲೈ ಕಡೆ ತಿರುಗಿದಳು.

ಇಂಥ ಪತ್ತೆಗೆಂದೇ ಲೈ ಯೂಹ್ವೇಯನ್ನು ಮುಖ್ಯ ಕಚೇರಿಯಿಂದ ಕರೆಸಿದ್ದರು. ನಾನು ಆಕೆಯ ಸಹಾಯಕ. ಆಕೆ ಕೋಡ್ ಕೇಳಲಿಲ್ಲ. ಸತ್ತ ಪರದೆಯನ್ನು ಬೆಳಕಿಗೆ ವಾಲಿಸಿ ದಿಟ್ಟಿಸಿದಳು.

"ಈಗ ಇದನ್ನ ಆನ್ ಮಾಡಿದ್ದು ಯಾರು?"

"ನಾನೇ," ಎಂದ ಗೂ. "ಯಾಕೆ?"

"ಸುಮ್ನೆ ಕೇಳ್ದೆ."

ಲೈ ಯಂತ್ರವನ್ನು ಆರಿಸಿ ಪುನಃ ಆನ್ ಮಾಡಿದಳು. ಕೈ ಕಟ್ಟಿ ನಿಂತಳು. ಯಂತ್ರ ಎದ್ದಿತು, ಚೀಲ ಉಬ್ಬಿತು. ಮತ್ತೊಮ್ಮೆ ಆರಿಸಿ ಆನ್ ಮಾಡಿದಳು — ಈ ಸಲ ಲೋಗೋ ಬಂದಾಗ ಅದನ್ನು ಬೆರಳಿನಿಂದ ಒತ್ತಿದಳು.

ಪರದೆ ಕಪ್ಪು!

ಪೇಯ್‌ರೋಂಗ್‌ಳ ಯಂತ್ರದ ಮೇಲೂ ಹಾಗೇ ಒತ್ತಿದಳು. ಅದಕ್ಕೇನೂ ಆಗಲಿಲ್ಲ.

"ಎರಡರಲ್ಲೂ ಒಂದೇ ಡ್ರೈವರ್," ಎಂದೆ ನಾನು. "ಮತ್ತೆ ವ್ಯತ್ಯಾಸ ಎಲ್ಲಿ?"

"ಡ್ರೈವರ್‌ಗಿಂತ ಮೊದಲು. ಯಂತ್ರನ ಆಳೋ ಮೂಲ ತಂತ್ರಾಂಶ, ಅಂದ್ರೆ ಕರ್ನಲ್, ಏಳೋವರೆಗೆ ಟಚ್ ಚಿಪ್ ಮಲಗಿರಬೇಕು. ಇದರಲ್ಲಿ ಮಾತ್ರ, ಕರ್ನಲ್‌ನ ಎಬ್ಬಿಸೋ ಪುಟ್ಟ ಪ್ರೋಗ್ರಾಮ್ ಅದನ್ನ ಮೊದಲೇ ಎಚ್ಚರಿಸಿದೆ. ಬೆರಳು ತಾಕಿದ್ರೆ ಚಿಪ್ ಕೂಗುತ್ತೆ — ನಾವು ಇಂಟರಪ್ಟ್ ಅಂತೀವಲ್ಲ, ಅದೇ. ಕೇಳೋರಿಲ್ಲದೆ ಆ ಕೂಗು ಬಾಗಿಲಲ್ಲೇ ಕಾಯ್ತಾ ಇರುತ್ತೆ." ಆಕೆ ಪೇಯ್‌ರೋಂಗ್ ಕಡೆ ತಿರುಗಿದಳು. "ನಿನ್ನ ಡ್ರೈವರ್‌ನಲ್ಲಿ ನೀನು ಮೊದಲು ಬಾಗಿಲು ತೆಗೀತೀಯ, ಆಮೇಲೆ ಒಳಗಿನ ವ್ಯವಸ್ಥೆ ಮಾಡ್ತೀಯ. ಅಲ್ವಾ?"

ಪೇಯ್‌ರೋಂಗ್ ಹಣೆ ಚಚ್ಚಿಕೊಂಡಳು. "ಅಯ್ಯೋ! ಬಾಗಿಲು ತೆಗೆದ ತಕ್ಷಣ ಹಳೇ ಕೂಗು ಒಳಗೆ ನುಗ್ಗುತ್ತೆ. ಒಳಗಿನ್ನೂ ಏನೂ ಸಿದ್ಧವಾಗಿರಲ್ಲ!"

"ನೋಡಿದ್ರಾ? ತಪ್ಪು ಇವಳದ್ದೇ!" ಗೂ ಹಿಗ್ಗಿದ.

"ಎಡವಿದ್ದು ಇವಳು. ಕಲ್ಲಿಟ್ಟಿದ್ದು ನೀವು."

ಎಲ್ಲರ ಕಣ್ಣೂ ಗೂ ಮೇಲೆ ನೆಟ್ಟವು.

"ಪರದೆ ಮೇಲೆ ಬೆರಳಿನ ಗುರುತಿತ್ತು. ಒಂದೇ ಒಂದು — ಲೋಗೋ ಬರೋ ಜಾಗದಲ್ಲಿ. ಇನ್ನೂ ಏಳದ ಯಂತ್ರನ ಯಾರು ಮುಟ್ತಾರೆ? ಮುಟ್ಟಿದ್ರೆ ಲೋಗೋ ಬೇಗ ಹೋಗುತ್ತೆ ಅಂತ ಗೊತ್ತಿರೋರು. ಆ ಸೌಲಭ್ಯನ ಯಾರಿಗೂ ಹೇಳದೆ ಆ ಪುಟ್ಟ ಪ್ರೋಗ್ರಾಮ್‌ಗೆ ಸೇರಿಸಿದೋರು."

"ಆಸ್ಪತ್ರೆಯವರು... ಬೇಗ ಶುರುವಾಗ್ಬೇಕು ಅಂದ್ರು," ಗೂ ತೊದಲಿದ. "ಇಷ್ಟಕ್ಕೇ ಸಾಯುತ್ತೆ ಅಂತ ನಂಗೇನ್ ಗೊತ್ತು?"

"ಮೊದಲ ಸಲ ಗೊತ್ತಿರಲಿಲ್ಲ, ಒಪ್ಪಿದೆ. ಎರಡನೇ ಸಲ?"



ಪೇಯ್‌ರೋಂಗ್ ಆಗಲೇ ಕೀಲಿಮಣೆಯ ಮುಂದೆ ಕೂತಿದ್ದಳು. ಮೊದಲು ಚಿಪ್‌ನ ಬಾಯಿ ಮುಚ್ಚಿಸು, ಹಳೆಯ ಕೂಗನ್ನು ಅಳಿಸು, ಒಳಗೆಲ್ಲ ಅಣಿಮಾಡು, ಕೊನೆಗೆ ಬಾಗಿಲು ತೆಗೆ — ಕ್ರಮ ಬದಲಾಯಿತು. ಲೋಗೋ ಬಂತು. ಬೇಕೆಂದೇ ಪದೇಪದೇ ಒತ್ತಿದಳು. ಚೀಲ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಆಸ್ಪತ್ರೆಯವರು — ಯಂತ್ರಗಳು ಇನ್ನೂ ಯಾಕೆ ಬಂದಿಲ್ಲ ಎಂದು.

"ತಡ ಯಾಕೆ ಅಂತ ಚೆನ್ನಾಗಿ ಗೊತ್ತಿರೋರು ಇಲ್ಲೇ ಇದ್ದಾರೆ, ಕೊಡ್ತೀನಿ," ಎನ್ನುತ್ತ ಲೈ ಫೋನನ್ನು ಗೂ ಕೈಗಿಟ್ಟಳು.