ಪೂರ್ತಿ ಸಿಗ್ನಲ್, ಸೊನ್ನೆ ವೇಗ

ಹಳೆಯ ಮೋಡೆಮ್ ಮಾಯವಾಗಿತ್ತು.

ಬೆಳಿಗ್ಗೆ ಕೇಬಲ್‌ನವನು ಹೊಸದನ್ನು ನಡುಮನೆಯ ಗೋಡೆಗೆ ಕೂರಿಸಿ, ಹಳೆಯದನ್ನು ಅಡಾಪ್ಟರ್ ಸಮೇತ ಟೀಪಾಯಿಯ ಮೇಲಿಟ್ಟಿದ್ದ. ಫೋನಿನಲ್ಲಿ ಇಂಟರ್ನೆಟ್ ವೇಗ ಪರೀಕ್ಷಿಸಿದಾಗ ಮುಳ್ಳು ಮುನ್ನೂರಕ್ಕೆ ನೆಗೆಯಿತು. ಆ ಸಂಭ್ರಮದಲ್ಲಿ ಹಳೆಯದನ್ನು ಒಯ್ಯುವುದೇ ಮರೆತುಹೋಯಿತು. ಮಧ್ಯಾಹ್ನ ನೆನಪಾಗಿ ಓಡಿಬಂದರೆ ಟೀಪಾಯಿ ಖಾಲಿ.

“ನೀವೇ ಬ್ಯಾಗಿಗೆ ಹಾಕ್ಕೊಂಡ್ರಿ. ಕಪ್ಪು ಡಬ್ಬ. ಕಣ್ಣಾರೆ ನೋಡಿದೀನಿ,” ಎಂದಳು ಮನೆಯ ಮಗಳು.

“ಅದು ನನ್ನ ಟೆಸ್ಟರ್ ಮೇಡಂ.”

ಅವನು ಬ್ಯಾಗನ್ನು ನೆಲಕ್ಕೆ ಸುರಿದ. ಇಕ್ಕಳ, ಟೇಪು, ತುಂಡು ವೈರುಗಳು, ಕಪ್ಪು ಟೆಸ್ಟರ್. ಐವತ್ತರ ಆಸುಪಾಸಿನ ಮನುಷ್ಯ.

“ಮೋಡೆಮ್ ಕಂಪನಿಯದು. ಸಂಜೆಯೊಳಗೆ ಮುಟ್ಟಿಸಬೇಕು. ಹೋದ ತಿಂಗಳು ಒಂದು ಕಾಣೆಯಾಯ್ತು. ಇನ್ನೊಂದು ಕಳೆದ್ರೆ ಕೆಲಸಕ್ಕೇ ಬರಬೇಡ ಅಂದಿದ್ದಾರೆ.”

ಮಗಳು ಚಿಕ್ಕಮ್ಮನಿಗೆ ಫೋನ್ ಮಾಡಿದಳು.

*

ಚಿಕ್ಕಮ್ಮ ಎಂದರೆ ತೀರಿಕೊಂಡ ಅಮ್ಮನ ತಂಗಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಪಕ್ಕದ ಬೀದಿಯಲ್ಲೇ ಮನೆ. ಇಲ್ಲಿ ಏನು ಕಳೆದರೂ ಮೊದಲ ಕರೆ ಅವಳಿಗೆ.

“ಪೊಲೀಸ್ ನಾಯಿ ಬಂತು, ದಾರಿ ಬಿಡಿ,” ಎನ್ನುತ್ತಾ ಚಪ್ಪಲಿ ಬಿಟ್ಟಳು. “ಬೆಳಿಗ್ಗೆಯಿಂದ ಯಾರ್ಯಾರು ಬಂದ್ರೇ?”

“ಗುಜರಿಯವನು. ಹೊಸದರ ರಟ್ಟಿನ ಡಬ್ಬ ಕೊಟ್ಟೆ.”

“ಒಳಗೆ ಬಂದನಾ?”

“ಬಾಗಿಲಲ್ಲೇ ನಿಂತಿದ್ದ.”

“ನಿಮ್ಮಪ್ಪ?”

“ಅಪ್ಪನ ಕಾಲಿಗೆ ಇವತ್ತು ಚಕ್ರ. ಹಾಲು ಅಂತ ಹೋದ್ರು, ಬಂದ್ರು. ಸೋಪು ಅಂತ ಹೋದ್ರು, ಬಂದ್ರು. ಆಮೇಲೆ ಏನೂ ಹೇಳದೆ ಹೋಗಿ ಬರಿಗೈಲಿ ಬಂದ್ರು. ಈಗ ಮತ್ತೆ ಹೊರಗೆ.” ಮಗಳು ಕೇಬಲ್‌ನವನ ಕಡೆ ಕೈ ತೋರಿಸಿದಳು. “ಹೊಸದೂ ಮೋಸವೇ ಚಿಕ್ಕಮ್ಮ. ನಡುಮನೇಲಿ ಮುನ್ನೂರು. ಅಡುಗೆಮನೆಗೆ ಹೋದ್ರೆ ಸೊನ್ನೆ.”

“ಮಧ್ಯೆ ಗೋಡೆ ಇದೆ ಮೇಡಂ. ಸ್ವಲ್ಪ ಕಮ್ಮಿಯಾಗುತ್ತೆ.”

“ಸ್ವಲ್ಪ ಕಮ್ಮಿಯಾಗಲಿ. ಸೊನ್ನೆ ಯಾಕಾಗುತ್ತೆ?”

ಚಿಕ್ಕಮ್ಮ ತನ್ನ ಫೋನು ಹಿಡಿದು ಅಡುಗೆಮನೆಯ ಬಾಗಿಲಿಗೆ ನಡೆದಳು. ವೈಫೈ ಗೆರೆಗಳು ಪೂರ್ತಿ ತುಂಬಿದ್ದವು. ಪರೀಕ್ಷೆಯ ಗುಂಡಿ ಒತ್ತಿದಳು. ಮುಳ್ಳು ಕದಲಲಿಲ್ಲ.

ದೂರದಿಂದ ವೇಗ ಸತ್ತಿದ್ದರೆ ಸಿಗ್ನಲ್ಲೂ ಸೊರಗಬೇಕಿತ್ತು. ಇಲ್ಲಿ ಸಿಗ್ನಲ್ ದಷ್ಟಪುಷ್ಟವಾಗಿದೆ.

“ಹೊಸ ಪಾಸ್‌ವರ್ಡ್ ನನಗೆ ಯಾರಾದ್ರೂ ಕೊಟ್ರಾ?”

“ಇಲ್ವಲ್ಲ. ನೀನು ಈಗ ತಾನೇ ಬಂದೆ.”

“ಮತ್ತೆ ನನ್ನ ಫೋನು ಯಾವ ವೈಫೈಗೆ ಅಂಟ್ಕೊಂಡಿದೆ?”

ಚಿಕ್ಕಮ್ಮ ಪರದೆಯ ಮೇಲಿದ್ದ ಹೆಸರು ನೋಡಿದಳು. ಗಟ್ಟಿಯಾಗಿ ಓದಲಿಲ್ಲ.

“ನಿಮ್ಮ ಸಾಮಾನು ಎತ್ಕೊಳ್ಳಿ,” ಎಂದಳು ಕೇಬಲ್‌ನವನಿಗೆ. “ನೀವು ಕದ್ದಿಲ್ಲ. ಮೋಡೆಮ್ ಈ ಮನೆ ಬಿಟ್ಟೇ ಹೋಗಿಲ್ಲ.”

*

ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿ ಬೋಳಾಗಿ ನಿಂತಿತ್ತು. ಅದಕ್ಕೆ ಹೊದಿಸುವ ಹೂವಿನ ಬಟ್ಟೆ ಆಚೆ ಮೂಲೆಯಲ್ಲಿ ಬೇರೇನನ್ನೋ ಮುಚ್ಚಿತ್ತು.

“ಈ ಮನೇಲಿ ಎರಡು ಮಿಕ್ಸಿ ಯಾವಾಗಿನಿಂದ?”

ಅಕ್ಕ ಹಳೆಯ ಸೀರೆಯಿಂದ ಹೊಲಿದ ಹೊದಿಕೆ ಅದು. ಚಿಕ್ಕಮ್ಮ ಎತ್ತಿದಳು. ಒಳಗೆ ಹಳೆಯ ಮೋಡೆಮ್. ಹಸಿರು ದೀಪ ಮಿನುಗುತ್ತಿತ್ತು.

ಅಷ್ಟರಲ್ಲಿ ಹೊರಬಾಗಿಲಲ್ಲಿ ಸದ್ದು. ಭಾವ ಹೊಸ್ತಿಲ ಮೇಲೆ ನಿಂತು ಫೋನು ನೋಡುತ್ತಿದ್ದರು. ತಲೆ ಎತ್ತಿದಾಗ ನೆಲದ ಮೇಲೆ ಹರಡಿದ ಇಕ್ಕಳ, ವೈರುಗಳು ಕಂಡವು.

“ಏನಿದು?”

“ಇವರೇ ಕದ್ದರು ಅಂದ್ಕೊಂಡೆ ಅಪ್ಪ. ಪಾಪ, ಕೆಲಸವೇ ಹೋಗೋದ್ರಲ್ಲಿತ್ತು.”

ಭಾವ ಫೋನನ್ನು ಜೇಬಿಗಿಳಿಸಿದರು.

“ನೀವೇ ಹೇಳ್ತೀರೋ ಭಾವ, ನಾನು ಹೇಳಲೋ?”

ಭಾವ ಚಪ್ಪಲಿ ಬಿಟ್ಟು ಒಳಗೆ ಬಂದರು.

“ಮಾರೋಕೆ ಕದ್ದವನು ಅದನ್ನ ಕರೆಂಟಿಗೆ ಹಾಕಿಡಲ್ಲ,” ಎಂದಳು ಚಿಕ್ಕಮ್ಮ. “ಕೇಬಲ್ ಇಲ್ಲದ ಮೋಡೆಮ್‌ನಿಂದ ಇಂಟರ್ನೆಟ್ ಬರಲ್ಲ. ಆದರೂ ಅಡುಗೆಮನೆ ಹತ್ತಿರ ಹೋದ್ರೆ ನಮ್ಮ ಫೋನುಗಳು ಹಳೇ ಪರಿಚಯದ ಅದರ ವೈಫೈ ಕಡೆಗೇ ಹಾರ್ತಿದ್ವು. ಅದಕ್ಕೇ ಪೂರ್ತಿ ಸಿಗ್ನಲ್, ಸೊನ್ನೆ ವೇಗ. ಆ ಡಬ್ಬದಿಂದ ಬರೋದು ಒಂದೇ, ಅದರ ಹೆಸರು. ಹೆಸರು ಬೇಕಾದವರೇ ತಗೊಂಡಿದ್ದಾರೆ. ಅದನ್ನ ನೋಡೋಕೇ ಮತ್ತೆ ಮತ್ತೆ ಹೊರಗೆ ಹೋಗಿ ಒಳಗೆ ಬಂದಿದ್ದಾರೆ.”

ಫೋನು ತಿರುಗಿಸಿ ತೋರಿಸಿದಳು. ವೈಫೈ ಹೆಸರಿನ ಜಾಗದಲ್ಲಿ ಒಂದೇ ಪದ: ‘ಬಂದ್ರಾ?’

ಅಕ್ಕ ಇಟ್ಟ ಹೆಸರು. ಭಾವ ಕೆಲಸದಿಂದ ಬಂದು ಹೊಸ್ತಿಲು ದಾಟಿದರೆ ಒಳಗಿನಿಂದ ಅವಳು ಕೇಳುತ್ತಿದ್ದ ಮಾತು. ವೈಫೈ ಹೆಸರೇನು ಎಂದು ನೆಂಟರು ಕೇಳಿದರೆ “ಬಂದ್ರಾ?” ಎನ್ನುತ್ತಿದ್ದಳು. ಅವರು “ಹೂಂ, ಆಗಲೇ ಬಂದ್ವಲ್ಲ” ಎಂದರೆ ಬಿದ್ದುಬಿದ್ದು ನಗುತ್ತಿದ್ದಳು. ಅವಳು ಹೋದ ಮೇಲೂ ಭಾವ ಬಾಗಿಲಿಗೆ ಬಂದಾಗಲೆಲ್ಲ ಫೋನು ವೈಫೈ ಹಿಡಿದು, ಟಿಣ್ ಎಂದು ಆ ಹೆಸರು ತೋರಿಸಿ ಕೇಳುತ್ತಲೇ ಇತ್ತು.

“ಹಳೇ ಹೆಸರು ಡಬ್ಬದ ಜೊತೆಗೇ ಹೋಗುತ್ತೆ ಅಂತ ಇವರು ಬೆಳಿಗ್ಗೆ ಹೇಳಿದ್ರು,” ಎಂದರು ಭಾವ. “ಒಂದು ದಿನ ಇಟ್ಕೊಂಡು ಕೊಡೋಣ ಅಂದ್ಕೊಂಡೆ. ಇವರ ತಲೆಗೆ ಬರುತ್ತೆ ಅಂತ ಹೊಳೀಲಿಲ್ಲ.”

ತಾವೇ ಹೋಗಿ ಸ್ವಿಚ್ ಆರಿಸಿದರು. ಹಸಿರು ದೀಪ ಆರುವವರೆಗೆ ನೋಡಿದರು. ಆಮೇಲೆ ಮೋಡೆಮನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಟ್ಟರು.

“ತಪ್ಪಾಯ್ತು. ಕಳ್ಳ ನಾನೇ.”

ಕೇಬಲ್‌ನವನು ಅದನ್ನು ಬ್ಯಾಗಿಗೆ ತುರುಕಲಿಲ್ಲ. ಕೈಯಲ್ಲೇ ಹಿಡಿದು ನಿಂತ.

“ಸರ್, ಹೊಸದಕ್ಕೂ ಇದೇ ಹೆಸರು ಬರೀಬಹುದು. ಕೇಳಿದ್ರೆ ಆಗಲೇ ಹಾಕಿಕೊಡ್ತಿದ್ದೆ.”

“ಬರೀಬಹುದಾ?” ಭಾವ ಅವನನ್ನೇ ನೋಡಿದರು. “ಕೇಳೋಕೆ ನಾಚಿಕೆಯಾಯ್ತು.”

ಮಗಳು ಮಿಕ್ಸಿಗೆ ಅಮ್ಮನ ಹೊದಿಕೆ ಹಾಕಿ, ಅದರ ಅಂಚು ಸರಿಮಾಡುತ್ತಾ ನಿಂತಳು. “ನಾನು ಬರೀ ವೇಗ ನೋಡಿದೆ ಅಪ್ಪ,” ಎಂದಳು.

*

ಚಿಕ್ಕಮ್ಮ ಹೊಸ ಮೋಡೆಮ್‌ಗೆ ಹೆಸರು, ಪಾಸ್‌ವರ್ಡ್ ಎರಡನ್ನೂ ಹಳೆಯದರಂತೆಯೇ ಬರೆದಳು. ಭಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ಪ್ರಶ್ನೆ ಚಿಹ್ನೆ ಬಿಟ್ಟಿದ್ದೀಯಲ್ಲ ಪುಟ್ಟಿ. ನಿಮ್ಮಕ್ಕ ಹೇಳ್ತಿರಲಿಲ್ಲ, ಕೇಳ್ತಿದ್ದಳು.”

ಚಿಕ್ಕಮ್ಮ ಅದನ್ನೂ ಸೇರಿಸಿದಳು. ಭಾವ ಚಪ್ಪಲಿ ಮೆಟ್ಟಿಕೊಂಡರು.

“ಮತ್ತೆ ಎಲ್ಲಿಗಪ್ಪ?”

“ಇಲ್ಲೇ.”

ಮೆಟ್ಟಿಲಿಳಿಯುವ ಸದ್ದು ಬೀದಿಯವರೆಗೂ ಹೋಗಿ ನಿಂತಿತು. ಅಡುಗೆಮನೆಯಿಂದ ಮಗಳು ಪಿಸುಗುಟ್ಟಿದಳು: “ಇನ್ನೂರ ಹತ್ತು ಬರ್ತಿದೆ ಚಿಕ್ಕಮ್ಮ.” ಚಿಕ್ಕಮ್ಮನ ಕಿವಿ ಮೆಟ್ಟಿಲ ಕಡೆಗಿತ್ತು.

ಹೆಜ್ಜೆಗಳು ಮೇಲೆ ಬಂದವು. ಹೊಸ್ತಿಲ ಬಳಿ ನಿಂತವು. ಫೋನು ಟಿಣ್ ಎಂದಿತು.

“ಹೂಂ,” ಎಂದರು ಭಾವ ಚಪ್ಪಲಿ ಬಿಡುತ್ತಾ. “ಬಂದೆ.”