ಬೀರುವಿನಲ್ಲಿ ಉಳಿದ ಉಸಿರು

"ಫ್ರಿಡ್ಜ್ ಯಾಕಮ್ಮ ಆಫ್ ಮಾಡಿದೆ? ಹಾಲು ಕೆಡಲ್ವಾ?"

ಅತ್ತೆ ಅಡುಗೆಮನೆಯಿಂದ ಕೇಳಿದ ಮೇಲೆಯೇ ತಾನೇನು ಮಾಡಿದ್ದೇನೆಂದು ಅವಳಿಗೆ ತಿಳಿದದ್ದು. ಗಂಡನ ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ನಿನ್ನೆ ಹೊರಟುಹೋಗಿದ್ದರು. ಬಾಗಿಲಲ್ಲಿ ಪರರ ಚಪ್ಪಲಿಗಳಿಲ್ಲದ ಮೊದಲ ಬೆಳಗು. ಎದ್ದವಳೇ ಎಂದಿನಂತೆ ಫ್ರಿಡ್ಜಿನ ಸ್ವಿಚ್ ಆರಿಸಿ ಬಂದು, ಮಲಗುವ ಕೋಣೆಯ ಬಟ್ಟೆ ಬೀರುವಿಗೆ ಬೆನ್ನು ಕೊಟ್ಟು ಕೂತಿದ್ದಳು. "ಸ್ವಲ್ಪ ಹೊತ್ತು ಹಾಗೇ ಇರಲಿ ಅತ್ತೆ," ಎಂದಳು.

'ಗುಡುಗು' ಎಂದು ಹೆಸರಿಟ್ಟುಕೊಂಡು ರ‍್ಯಾಪ್ ಹಾಡುತ್ತಿದ್ದ ಗಂಡ ತನ್ನ ಮೊದಲ ಆಲ್ಬಂ ರೆಕಾರ್ಡ್ ಮಾಡಿದ್ದು ಆ ಬೀರುವಿನೊಳಗೆ. ಅವಳ ಬಟ್ಟೆಗಳ ನಡುವೆ ನಿಂತರೆ ಧ್ವನಿ ಗೋಡೆಗೆ ಬಡಿದು ಮರಳುವುದಿಲ್ಲ. ಅಷ್ಟು ಹೊತ್ತೂ ಫ್ರಿಡ್ಜ್ ಗುಂಯ್ ಎನ್ನಬಾರದು, ಅವಳು ಅಲುಗಾಡಬಾರದು. ಮೈಕು ಗೆಳೆಯನಿಂದ ಕಡ ತಂದದ್ದು. ಬಾಯಿಯ ಗಾಳಿ ಮೈಕಿಗೆ ಹೊಡೆಯದಿರಲೆಂದು ತಂತಿಯ ಬಳೆಗೆ ಅವಳ ತೆಳ್ಳನೆಯ ನೈಲಾನ್ ಕಾಲುಚೀಲ ಬಿಗಿದು ಅಡ್ಡ ಕಟ್ಟಿಕೊಂಡಿದ್ದ.

"ನನ್ನ ಕಾಲುಚೀಲದ ಮುಂದೆ ನಿಂತು ಲೋಕಕ್ಕೆಲ್ಲ ಸವಾಲ್ ಹಾಕ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದು ಅವಳು ಕೆಣಕಿದ್ದಳು.

ಬಾಗಿಲ ಸಂದಿಯಲ್ಲಿ ಅವನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಒಗೆದಿದ್ದು ತಾನೇ?"

"ಇಲ್ಲ."

"ಹಾಗಾದ್ರೆ ಇನ್ನೂ ಹತ್ತಿರ ನಿಲ್ತೀನಿ."

ಕಣ್ಣು ನಕ್ಕಿತು. ಬಾಗಿಲು ಮುಚ್ಚಿತು. ಪ್ರತಿ ಸಾಲಿಗೂ ಮೊದಲು ಅವನು ಎಳೆದುಕೊಳ್ಳುವ ಉಸಿರು ಹಲಗೆಯಾಚೆಯಿಂದ ಅವಳ ಬೆನ್ನಿಗೆ ತಾಕುತ್ತಿತ್ತು. ಮಾತುಗಳು ಎಲ್ಲರಿಗೆ, ಈ ಉಸಿರು ತನಗೆ ಎಂದು ಅವಳು ಅಂದುಕೊಂಡಿದ್ದಳು. ಅವನಿಗೆ ಹೇಳಿರಲಿಲ್ಲ. ಹೇಳುವಷ್ಟರಲ್ಲಿ ಸ್ಕೂಟರಿನಲ್ಲಿ ಹೋದವನು ಮರಳಲಿಲ್ಲ.

ಹೊತ್ತೇರಿದ ಮೇಲೆ ಮೈಕು ಕೊಟ್ಟಿದ್ದ ಆ ಗೆಳೆಯ, ಸೌಂಡ್ ಇಂಜಿನಿಯರ್, ಲ್ಯಾಪ್‌ಟಾಪ್ ಹಿಡಿದು ಬಂದ.

"ಅತ್ತಿಗೆ, ಆಲ್ಬಂ ಮುಗಿಸಿದೀನಿ. ನೀವು ಹೂಂ ಅಂದ್ರೆ ಬಿಡುಗಡೆ ಮಾಡ್ತೀನಿ. ಈಗಲೇ ಕೇಳ್ಬೇಕು ಅಂತೇನಿಲ್ಲ..."

"ಹಾಕಪ್ಪ."

ಧ್ವನಿ ತೊಳೆದ ಗಾಜಿನಂತಿತ್ತು. ಮಾತಿನ ಬೆನ್ನಿಗೇ ಮಾತು ಓಡುತ್ತಿತ್ತು. ಅವಳು ಕಾದಳು. ಎರಡನೆಯ ಹಾಡಿನಲ್ಲೂ ಕಾದಳು.

"ಉಸಿರೆಲ್ಲಿ?"

"ಯಾವ ಉಸಿರು?"

"ಅವನದು. ಸಾಲಿಗೆ ಮುಂಚೆ ಎಳ್ಕೊಳ್ತಿದ್ನಲ್ಲ."

"ಓ, ಅದಾ? ಒಂದೊಂದೇ ಹುಡುಕಿ ಕಟ್ ಮಾಡಿದೆ ಅತ್ತಿಗೆ." ಹೆಮ್ಮೆಯಿಂದ ಹೊರಟ ಮಾತು ಅವಳ ಮುಖ ಕಂಡು ನಿಂತಿತು.

"ವಾಪಸ್ ಹಾಕು."

"ಹಾಕಬಹುದು. ಆದ್ರೆ ಅವನೇ ಹೇಳಿದ್ದು, ಬೀರುವಿನ ವಾಸನೆ ಬರಬಾರದು ಮಗಾ, ಸ್ಟುಡಿಯೋ ಆಲ್ಬಂ ಅನ್ನಿಸ್ಬೇಕು ಅಂತ."

ಅವಳಿಗೂ ನೂರು ಸಲ ಹೇಳಿದ್ದ. ಗೊತ್ತಿದ್ದೂ, "ಈಗ ಬಂದು ಕೇಳ್ತಾನಾ?" ಎಂದಳು. ಗಂಡ ಹೋದ ಮೇಲೆ ಅವನ ಮೇಲೆ ಬಂದ ಮೊದಲ ಸಿಟ್ಟು ಅದು.

ಇಂಜಿನಿಯರ್ ತಲೆ ತಗ್ಗಿಸಿದ. ಹಾಡು ಓಡುತ್ತಲೇ ಇತ್ತು. ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಮಂಚದ ಅಂಚಿಗೆ ಕೂತರು. ಮಗ ಹಾಡುತ್ತಾನೋ ಜಗಳವಾಡುತ್ತಾನೋ ಎಂದು ಗೇಲಿ ಮಾಡುತ್ತಿದ್ದವರು.

"ಇದು ನಮ್ಮವನೇನಾ?"

"ಹೌದಮ್ಮ."

"ಒಂದೊಂದು ಮಾತೂ ತಿಳೀತಿದೆಯಲ್ಲೋ! ಅಮ್ಮನ ಬೈಗುಳದಲ್ಲೇ ತಾಳ ಕಲಿತೆ ಅಂತಾನಲ್ಲ, ನನ್ನ ಬಗ್ಗೇನಾ?"

"ನಿಮ್ಮ ಬಗ್ಗೇನೇ."

"ಕತ್ತೆ." ಅತ್ತೆಯ ತುಟಿ ನಗಲು ಹೋಗಿ ನಡುಗಿತು. "ಇಷ್ಟು ದಿನ ನಂಗ್ಯಾಕೆ ಕೇಳಿಸ್ಲಿಲ್ಲ? ಇನ್ನೊಂದ್ಸಲ ಹಾಕೋ."

ಅವಳು ಅತ್ತೆಯನ್ನೇ ನೋಡುತ್ತ ಕೂತಳು. ಅವನಿಗೆ ಬೇಕಿದ್ದದ್ದು ಇದೇ. ಹಾಡು ಮುಗಿದು ಅತ್ತೆ ಒಳಗೆ ಹೋದ ಮೇಲೆ ಹೇಳಿದಳು:

"ಹೀಗೇ ಬಿಡಪ್ಪ. ಒಂದು ಮಾತ್ರ ವಾಪಸ್ ಹಾಕು. ಕೊನೇ ಹಾಡಿನ ಮೊದಲನೇ ಉಸಿರು."

ಕೊನೆಯ ಹಾಡು ಅವಳ ಮೇಲೆ ಬರೆದದ್ದು.

"ಅಲ್ಲಿ ಅವನು ನಕ್ಕುಬಿಟ್ಟಿದಾನೆ ಅತ್ತಿಗೆ. ಯಾರೋ ಬಾಗಿಲು ಕುಟ್ಟಿದ ಸದ್ದೂ ಬಂದಿದೆ."

"ನಾನೇ ಕುಟ್ಟಿದ್ದು."

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಎರಡೂ ಇರಲಿ," ಎಂದ.

ಏಳುವಾಗ ಅವನ ಕಣ್ಣು ಬೀರುವಿನತ್ತ ಹೋಗಿ, ಹೋಗೇ ಇಲ್ಲವೆಂಬಂತೆ ಹಿಂತಿರುಗಿತು.

"ಮೈಕ್ ಬೇಕಲ್ವಾ?"

"ಅವಸರ ಏನಿಲ್ಲ ಅತ್ತಿಗೆ."

"ಬೇರೆ ಯಾರದ್ದಾದ್ರೂ ರೆಕಾರ್ಡಿಂಗ್ ಇದೆಯಾ?"

"ಒಬ್ಬ ಹುಡುಗಿ ಕಾಯ್ತಿದಾಳೆ. ಅವಳದೂ ಮೊದಲನೇದು."

ಅವಳು ಬೀರು ತೆರೆದಳು. ಅವಳ ಬಟ್ಟೆಗಳಲ್ಲಿ ಇನ್ನೂ ಅವನ ಬೆವರಿನ ವಾಸನೆಯಿತ್ತು. ತಂತಿಯ ಬಳೆಯಿಂದ ಕಾಲುಚೀಲವನ್ನು ನಿಧಾನವಾಗಿ ಬಿಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅದು?" ಎಂದ ಇಂಜಿನಿಯರ್.

"ಇದು ನಂದು. ನನ್ನ ಹತ್ರಾನೂ ಕಡ ತಗೊಂಡಿದ್ದ."

ಅಡುಗೆಮನೆಯಲ್ಲಿ ಅತ್ತೆ ಸ್ವಿಚ್ ಒತ್ತಿದರು. ಫ್ರಿಡ್ಜ್ ಒಮ್ಮೆ ಅದುರಿ, ಗುಂಯ್ ಎನ್ನತೊಡಗಿತು. ಅವಳು ಮೈಕನ್ನು ಎರಡೂ ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟಳು.